ಪರಂಗಿಮಲೆಯ ಗೋಡೆಶಿಲುಬೆಯಲ್ಲಿನ ಮಕರ ಮತ್ತು ಪಾರಿವಾಳ

ಚೆನ್ನೈ ನಗರದ ನೈಋತ್ಯದಲ್ಲಿರುವ ಪರಂಗಿಮಲೆ ಎಂಬ ಸಣ್ಣ ಬೆಟ್ಟದ ಮೇಲೆ ಪೋರ್ಚುಗೀಸರ ಕಾಲದ ಇಗರ್ಜಿಯೊಂದಿದೆ. ಯೇಸುವಿನ ಶಿಷ್ಯನಾದ ತೋಮನು ಇಲ್ಲಿಯೇ ಹತನಾದನೆಂಬ ಐತಿಹ್ಯದಿಂದಾಗಿ ಈ ಬೆಟ್ಟಕ್ಕೆ ಸಂತ ತೋಮಾಸರ ಬೆಟ್ಟವೆಂದೂ ಹೆಸರಿದೆ. 1547ರಲ್ಲಿ ಪೋರ್ಚುಗೀಸರು ಇಲ್ಲಿ ಪ್ರಾರ್ಥನಾಮಂದಿರವೊಂದನ್ನು ಕಟ್ಟಿಸಲು ಅಸ್ತಿಭಾರವನ್ನು ತೋಡಿಸುತ್ತಿದ್ದಾಗ ಶಿಲುಬೆಯ ಉಬ್ಬುಕೆತ್ತನೆಯುಳ್ಳ ಒಂದು ಶಿಲಾಫಲಕವು ದೊರಕಿತು. ಅದನ್ನು ಬಲಿಪೀಠದ ಮೇಲಣ ಗೋಡೆಯಲ್ಲಿ ಸೇರಿಸಿ ನಿಲ್ಲಿಸಿದರು. 1558ರ ಡಿಸೆಂಬರ್ 18ರಂದು ಪೂಜೆಯ ವೇಳೆಯಲ್ಲಿ ಈ ಕಲ್ಲು ಬೆವರಿತೆಂಬ ಸುದ್ದಿ ಹಬ್ಬಿದುದರಿಂದ ಅದರ ಕೀರ್ತಿ ಯೂರೋಪಿನವರೆಗೂ ಹರಡಿತು. ಆ ಪವಾಡದ ವಿಚಾರವು ನಮ್ಮ ಅಧ್ಯಯನದ ಪರಿಧಿಗೆ ಸೇರಿದುದಲ್ಲ. ಕಲ್ಲಿನ ಮೇಲೆ ಏನಿದೆ, ಅದರಲ್ಲಿಯೂ ಶಿಲುಬೆಯ ಸುತ್ತ ಕೆತ್ತಿರುವ ಪ್ರಾಣಿಗಳು ಅಲ್ಲಿಗೆ ಹೇಗೆ ಬಂದವು, ಅವುಗಳಿಗೆ ಅರ್ಥವೇನಾದರೂ ಉಂಟೇ, ಎಂಬುದಷ್ಟೇ ಪ್ರಸ್ತುತ ಲೇಖನದ ವಿಷಯ.

ಮೊದಲು ಫಲಕದ ವರ್ಣನೆಯನ್ನು ಕೊಡುವುದು ಅವಶ್ಯಕ. ನಡುವೆ ಮೆಟ್ಟಿಲು ಮೆಟ್ಟಿಲಾದ ಪೀಠದ ಮೇಲೆ ಶಿಲುಬೆ ನಿಂತಿದೆ. ಅದರ ಮೇಲೆ ಕ್ರಿಸ್ತನ ದೇಹವಿಲ್ಲ. ನಾಲ್ಕು ತುದಿಗಳೂ ಮೊಗ್ಗಿನಂತೆ ಅರಳಿಕೊಂಡಿವೆ. ಬುಡದಿಂದ ಇಕ್ಕೆಲಗಳಿಗೂ ಎಲೆಗಳು ಅಥವಾ ದಳಗಳು ಬಳುಕಿ ಮೇಲೇಳುತ್ತವೆ. ಇವನ್ನು ಕೆಲವರು ಕಮಲವೆಂದಿದ್ದಾರೆ. ಶಿಲುಬೆಯ ನೆತ್ತಿಯ ಮೇಲೆ ರೆಕ್ಕೆಗಳನ್ನು ಬಿಚ್ಚಿ ಕೊಕ್ಕನ್ನು ಕೆಳಗೆ ಮಾಡಿ ಇಳಿಯುತ್ತಿರುವ ಒಂದು ಹಕ್ಕಿಯಿದೆ. ಎಡಬಲಗಳಲ್ಲಿ ಒಂದೊಂದು ಕಂಬ, ಕಂಬದ ಬೋದಿಗೆಯ ಮೇಲೆ ಒಂದೊಂದು ಪ್ರಾಣಿ. ಈ ಪ್ರಾಣಿಗಳು ಒಂದನ್ನೊಂದು ಎದುರುನೋಡುತ್ತ ಬಾಯಿ ತೆರೆದಿವೆ. ಆ ಬಾಯಿಗಳಿಂದ ಹೊರಟ ಕಮಾನು ಶಿಲುಬೆಯನ್ನೂ ಹಕ್ಕಿಯನ್ನೂ ಆವರಿಸಿದೆ. ಕಮಾನಿನ ಹೊರಗಡೆಯ ಪಟ್ಟಿಯಲ್ಲಿ ಅಪರಿಚಿತ ಲಿಪಿಯ ಶಾಸನವೊಂದು ಸುತ್ತುವರಿದಿದೆ.

ನಮ್ಮ ನಾಡಿನ ದೇವಾಲಯಗಳನ್ನು ಕಂಡು ಬಲ್ಲ ಯಾರಿಗಾದರೂ ಈ ಪ್ರಾಣಿಗಳ ಗುರುತು ಹೇಳಬೇಕಾದುದಿಲ್ಲ. ಅವು ಮಕರಗಳು, ಕಮಾನು ಮಕರತೋರಣ. ಆದರೆ ಪಾಶ್ಚಾತ್ಯ ಬರಹಗಾರರು ಬಹುಕಾಲ ಇವನ್ನು ವಿಚಿತ್ರಮೃಗಗಳೆಂದು ಕರೆದು ಮುಂದೆ ಸಾಗಿದರು. ಅವರ ಗಮನವೆಲ್ಲ ಶಾಸನದ ಮೇಲಿತ್ತು. ಅದು ಸಹಜವೇ ಆದರೂ ಅದರಿಂದ ಕೆಲವು ಅನರ್ಥಗಳೂ ಉಂಟಾದವೆಂಬುದನ್ನು ಮುಂದೆ ತೋರಿಸುತ್ತೇವೆ.

ಶಾಸನದ ಓದಿನ ಕಥೆ ಸ್ವಾರಸ್ಯವಾದುದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನರಸಿಂಗ ರಾಜ್ಯದ, ಅಂದರೆ ವಿಜಯನಗರದ ಸೀಮೆಯ, ಬ್ರಾಹ್ಮಣ ಪಂಡಿತನೊಬ್ಬನನ್ನು ಕರೆಸಿ ಓದಿಸಿದರಂತೆ. ಆತನು ಒಂದೊಂದು ಅಕ್ಷರಕ್ಕೂ ಹಲವು ಮಾತುಗಳ ಅರ್ಥವಿದೆಯೆಂದು ಹೇಳಿ ತೋಮನ ಚರಿತ್ರೆಯನ್ನೇ ಅದರಿಂದ ಹೊರಡಿಸಿದನು. ಕೇಳುವವರಿಗೆ ಬೇಕಾದುದನ್ನು ಹೇಳುವ ವಿದ್ಯೆಯಲ್ಲಿ ಆ ಪಂಡಿತನು ನಿಪುಣನಾಗಿದ್ದಿರಬೇಕು. ಲಿಪಿಯು ಪಾರಸೀಕರ ಪಹ್ಲವಿ ಎಂಬುದನ್ನು ಸ್ಥಾಪಿಸಿ ಶಾಸನವನ್ನು ವಿದ್ವಲ್ಲೋಕದ ಮುಂದಿಟ್ಟವರು ಆರ್ಥರ್ ಕೋಕ್ ಬರ್ನೆಲ್. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ್ದ ಇವರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದರು. ದಕ್ಷಿಣ ಭಾರತದ ಪಹ್ಲವಿ ಶಾಸನಗಳನ್ನು ಕುರಿತ ಇವರ ಕಿರುಹೊತ್ತಗೆಯು 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಮರುವರ್ಷ ಅದೇ ಮುದ್ರಣಾಲಯವು ಇವರ ದಕ್ಷಿಣಭಾರತ ಲಿಪಿಶಾಸ್ತ್ರದ ಗ್ರಂಥವನ್ನೂ ಹೊರತಂದಿತು. ನಮ್ಮ ಕರಾವಳಿಯ ಒಂದು ಅಚ್ಚುಕೂಟಕ್ಕೂ ಪಾರಸೀಕ ಕ್ರೈಸ್ತರ ಈ ಕಲ್ಲಿಗೂ ಹೀಗೆ ಒಂದು ನಂಟಿರುವುದನ್ನು ನಮ್ಮವರು ಸಾಕಷ್ಟು ಸ್ಮರಿಸಿಲ್ಲ.

ಬರ್ನೆಲ್ಲರು ಈ ಬರೆಹದಲ್ಲಿ ಕ್ರಿಸ್ತನ ಸ್ವರೂಪವನ್ನು ಕುರಿತ ಒಂದು ತತ್ತ್ವಪ್ರತಿಪಾದನೆಯನ್ನು ಕಂಡರು. ಅನಂತರ ಬಂದವರು ಆ ಓದನ್ನು ತಿದ್ದಿದರು. 1920ರ ದಶಕದ ಕೊನೆಯಲ್ಲಿ ವಿಂಕ್‌ವರ್ತ್ ಎಂಬ ವಿದ್ವಾಂಸರು ಇದು ಸಿದ್ಧಾಂತವಾಕ್ಯವಲ್ಲ, ಒಬ್ಬ ವ್ಯಕ್ತಿಯ ಮೇಲೆ ಕರುಣೆಯಿಡಬೇಕೆಂದು ಕ್ರಿಸ್ತನಲ್ಲಿ ಮಾಡಿದ ಪ್ರಾರ್ಥನೆ ಎಂದು ತೋರಿಸಿದರು. 2002ರಲ್ಲಿ ಇಟಲಿಯ ಕಾರ್ಲೊ ಚೆರೆತಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ ಆ ವ್ಯಕ್ತಿಯ ಹೆಸರನ್ನು ಸಬ್ರೀಶೋ ಎಂದೂ ಆತನು ಚಹಾರ್‌ಬುಖ್ತನ ಮಗನೆಂದೂ ಓದಲಾಗಿದೆ. ಸಬ್ರೀಶೋ ಎಂಬುದು ಸುರಿಯಾನಿ ಹೆಸರು, 'ಯೇಸುವೇ ನನ್ನ ಭರವಸೆ' ಎಂದು ಅದರ ಅರ್ಥ. ಚಹಾರ್‌ಬುಖ್ತ ಎಂಬುದು ಪಾರಸೀಕ ಹೆಸರು. ತಂದೆಗೆ ಪಾರಸೀಕ, ಮಗನಿಗೆ ಸುರಿಯಾನಿ ಎಂಬ ಈ ಜೋಡಿಯೊಂದೇ ಪರ್ಷಿಯಾದ ಕ್ರೈಸ್ತ ಮನೆತನವೊಂದರ ಚಿತ್ರವನ್ನು ನಮ್ಮ ಕಣ್ಣಮುಂದೆ ತರುತ್ತದೆ. ಲಿಪಿಯ ಆಧಾರದಿಂದ ಕಲ್ಲಿನ ಕಾಲವನ್ನು ಬರ್ನೆಲ್ಲರು ಏಳು ಅಥವಾ ಎಂಟನೆಯ ಶತಮಾನಕ್ಕೆ ಹಾಕಿದ್ದರು. ಒಂಬತ್ತನೆಯ ಶತಮಾನವನ್ನು ಹೇಳುವವರೂ ಉಂಟು. ಪಹ್ಲವಿಯು ಸಾಸಾನಿ ರಾಜ್ಯದೊಡನೆ ಸತ್ತುಹೋದ ಬರೆಹವಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. 849ರ ಕೊಲ್ಲಂ ತಾಮ್ರಶಾಸನದಲ್ಲಿ ಅರಬ್ಬಿ ಮತ್ತು ಹೀಬ್ರೂ ಲಿಪಿಗಳ ಜೊತೆಗೆ ಪಹ್ಲವಿಯಲ್ಲಿಯೂ ಸಾಕ್ಷಿಗಳ ರುಜುಗಳಿವೆ; ಮುಂಬಯಿಯ ಬಳಿಯ ಕಾನ್ಹೇರಿ ಗುಹೆಗಳಲ್ಲಿ 1009 ಮತ್ತು 1021ರ ಪಹ್ಲವಿ ಬರೆಹಗಳಿವೆ.

ಪರಂಗಿಮಲೆಯದು ಒಂಟಿ ಕಲ್ಲಲ್ಲ. ಕೇರಳದ ಕೋಟ್ಟಯಂ ವಲಿಯಪಳ್ಳಿಯಲ್ಲಿ ಎರಡು, ಮುಟ್ಟುಚಿರ, ಕಡಮಟ್ಟಂ, ಆಲಂಗಾಡು ಮುಂತಾದೆಡೆಗಳಲ್ಲಿ ಒಂದೊಂದು ಇದೇ ಬಗೆಯ ಶಿಲುಬೆಗಳಿವೆ. ಆಶ್ಚರ್ಯವೆಂದರೆ ಎಲ್ಲೆಡೆಯೂ ಶಾಸನ ಒಂದೇ. ಒಬ್ಬನೇ ಸಬ್ರೀಶೋ ಚೋಳಮಂಡಲ ತೀರದಲ್ಲಿಯೂ ಮಲೆಯಾಳದ ಹಲವು ಊರುಗಳಲ್ಲಿಯೂ ಕಲ್ಲುಗಳನ್ನು ನಿಲ್ಲಿಸಿದನೆಂದು ನಂಬುವುದಕ್ಕಿಂತ, ಒಂದು ಪೂಜ್ಯವಾದ ಮೂಲಶಿಲುಬೆಯನ್ನು ಉಳಿದೆಡೆಗಳಲ್ಲಿ ಪ್ರತಿಮಾಡಿದರೆಂದು ತಿಳಿಯುವುದು ಯುಕ್ತ. ಪ್ರತಿಮಾಡಿದವರು ಅಕ್ಷರಗಳನ್ನು ಓದಬಲ್ಲವರಾಗಿದ್ದರೆಂದು ಹೇಳುವಂತಿಲ್ಲ. ಓದಲು ಬಾರದಿದ್ದರೂ ಬಿಡಬಾರದೆಂಬ ಭಾವನೆಯಿಂದ ಅವರು ಅಕ್ಷರಗಳನ್ನು ಚಿತ್ರದಂತೆ ಎತ್ತಿಕೊಂಡಿರಬೇಕು. ಅಕ್ಷರಗಳ ವಿಷಯದಲ್ಲಿ ಇದು ನಿಜವಾದರೆ ಮಕರಗಳ ವಿಷಯದಲ್ಲಿಯೂ ನಿಜವಾಗಬಹುದಷ್ಟೆ. ಆದುದರಿಂದ ಪ್ರಾಣಿಗಳ ಅರ್ಥವನ್ನು ಕೇಳುವಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ: ಕೆತ್ತಿದ ಶಿಲ್ಪಿಯ ಮನಸ್ಸಿನಲ್ಲಿ ಏನಿತ್ತು, ಕೆತ್ತಿಸಿದ ಪಾರಸೀಕನು ಏನನ್ನು ಒಪ್ಪಿಕೊಂಡನು, ಅದರ ಮುಂದೆ ಶತಮಾನಗಳ ಕಾಲ ಮೊಣಕಾಲೂರಿದ ಜನರು ಏನನ್ನು ಕಂಡರು. ಇವನ್ನು ಬೆರೆಸಿದುದರಿಂದಲೇ ಈ ವಿಷಯದಲ್ಲಿ ಅನೇಕ ಗೊಂದಲಗಳು ಹುಟ್ಟಿವೆ.

ಶಿಲ್ಪಿಯ ಪ್ರಶ್ನೆ ಸುಲಭ. ಪರಂಗಿಮಲೆಯಿಂದ ಸುಮಾರು 50 ಕಿಲೋಮೀಟರುಗಳ ದೂರದಲ್ಲಿರುವ ಮಹಾಬಲಿಪುರದ ದ್ರೌಪದೀರಥದಲ್ಲಿ ಏಳನೆಯ ಶತಮಾನದ ಮಕರತೋರಣವನ್ನು ಈಗಲೂ ನೋಡಬಹುದು. ಪಟ್ಟದಕಲ್ಲಿನ ವಿರೂಪಾಕ್ಷದೇವಾಲಯದ ಗೋಡೆಯ ಗೂಡುಗಳ ಮೇಲೆ ಅದೇ ತೋರಣ ಎಂಟನೆಯ ಶತಮಾನದಲ್ಲಿ ಮೆರೆದಿದೆ. ಹಳೆಬೀಡಿನ ಹೊಯ್ಸಳೇಶ್ವರನ ದಕ್ಷಿಣದ ಬಾಗಿಲಿಗೆ ಬರುವ ವೇಳೆಗೆ ಮಕರಗಳು ಬಳ್ಳಿಬಳ್ಳಿಯಾದ ಬಾಲಗಳನ್ನು ಹೊತ್ತು, ಬೆನ್ನ ಮೇಲೆ ವರುಣದಂಪತಿಗಳನ್ನು ಕುಳ್ಳಿರಿಸಿಕೊಂಡು, ನಡುವೆ ನರ್ತಿಸುವ ಶಿವನನ್ನು ಕಾಯುತ್ತವೆ. ಪೂಜ್ಯವಾದ ಯಾವುದೇ ರೂಪಕ್ಕೆ ಚೌಕಟ್ಟು ಬೇಕೆಂದಾಗ ದಕ್ಷಿಣದ ಕಲ್ಲುಕುಟಿಗನ ಉಳಿಗೆ ತಾನಾಗಿ ಬರುತ್ತಿದ್ದ ರೂಪವೇ ಇದು. ವಿಷ್ಣುವಿಗೂ, ಜಿನನಿಗೂ, ಬುದ್ಧನಿಗೂ ಅವನು ಅದನ್ನೇ ಕೆತ್ತಿಕೊಟ್ಟನು. ಪರದೇಶದ ವರ್ತಕನೊಬ್ಬನು ಬಂದು ತನ್ನ ದೇವರ ಚಿಹ್ನೆಯನ್ನು ಕೆತ್ತಿಕೊಡೆಂದು ಕೇಳಿದಾಗ ಅವನು ಬೇರೆ ಮಾಡಲು ಕಾರಣವಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ: ನಮ್ಮ ತೋರಣಗಳಲ್ಲಿ ನೆತ್ತಿಯ ಮೇಲೆ ಸಾಮಾನ್ಯವಾಗಿ ಕಾಣುವ ಸಿಂಹಮುಖ ಅಥವಾ ಕೀರ್ತಿಮುಖವು ಇಲ್ಲಿಲ್ಲ. ಆ ಸ್ಥಳದಲ್ಲಿ ಶಾಸನದ ಪಟ್ಟಿ ಹಾದುಹೋಗಿದೆ. ಎಲ್ಲವನ್ನೂ ನುಂಗುವ ಆ ಮುಖವನ್ನು ಕೆತ್ತಿಸಿದವನು ಬೇಡವೆಂದನೋ, ಅಕ್ಷರಕ್ಕೆ ಜಾಗ ಬಿಡಲು ಶಿಲ್ಪಿಯೇ ಕೈಬಿಟ್ಟನೋ, ಹೇಗೂ ಮಕರಗಳನ್ನು ಮಾತ್ರ ಬೇಡವೆನ್ನಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿಯೇ ಇದೆ.

ಪಾರಸೀಕ ಕ್ರೈಸ್ತನು ತನ್ನ ನಾಡಿನಿಂದ ತಂದ ಶಿಲುಬೆಯ ರೂಪವೇನಾಗಿತ್ತೆಂಬುದು ಇಂದು ನಮಗೆ ಚೆನ್ನಾಗಿ ತಿಳಿದಿದೆ. ಪಾರಸೀಕ ಖಾರಿಯ ಖಾರ್ಗ್, ಫೈಲಕ, ಸರ್ ಬನೀ ಯಾಸ್ ದ್ವೀಪಗಳಲ್ಲಿ ನಡೆದ ಉತ್ಖನನಗಳಲ್ಲಿ ಪೌರ್ವಾತ್ಯ ಸುರಿಯಾನಿ ಸಭೆಯ ಇಗರ್ಜಿಗಳೂ ಮಠಗಳೂ ದೊರೆತಿವೆ. ಅಲ್ಲಿನ ಗಾರೆಯ ಅಲಂಕರಣಗಳಲ್ಲಿ ಕ್ರಿಸ್ತದೇಹವಿಲ್ಲದ, ಎಲೆಬಳ್ಳಿಗಳೊಡನೆ ಅರಳುವ ಶಿಲುಬೆಗಳು ಕಾಣುತ್ತವೆ. ಸಿಂಹಳದ ಅನುರಾಧಪುರದಲ್ಲಿ 1912ರಲ್ಲಿ ಸಿಕ್ಕಿದ ಶಿಲುಬೆಯೂ ಇದೇ ಕುಲದ್ದು: ಪೀಠವಿದೆ, ಬುಡದಿಂದೇಳುವ ಎಲೆಗಳಿವೆ, ಮೊಗ್ಗಿನ ತುದಿಗಳಿವೆ. ಆದರೆ ಅದರಲ್ಲಿ ಮಕರವೂ ಇಲ್ಲ, ಹಕ್ಕಿಯೂ ಇಲ್ಲ, ಶಾಸನವೂ ಇಲ್ಲ. ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಪ್ರಾಣಿಗಳು ದಕ್ಷಿಣ ಭಾರತದ ನೆಲದಲ್ಲಿ ಬಂದು ಸೇರಿದುವೆಂಬುದು ಸ್ಪಷ್ಟವಾಗುತ್ತದೆ. ಬುಡದ ಎಲೆಗಳನ್ನು ಕಮಲವೆಂದು ಹೇಳಿ ಅದರಿಂದ ಬೌದ್ಧಪ್ರಭಾವವನ್ನು ಸಾಧಿಸುವವರು ಖಾರಿಯ ಶಿಲುಬೆಗಳನ್ನು ಒಮ್ಮೆ ನೋಡುವುದು ಒಳ್ಳೆಯದು. ಸಿಂಹಳದ ಶಿಲ್ಪಿಯೂ ಮದರಾಸಿನ ಶಿಲ್ಪಿಯೂ ಆ ಪರದೇಶದ ಎಲೆಗಳಿಗೆ ತಮ್ಮ ಕೈಯ ಬಳುಕನ್ನು ಕೊಟ್ಟಿರಬಹುದು, ಅಷ್ಟೆ.

ಇದೇ ಸಭೆಯವರು ಚೀನದಲ್ಲಿ ಮಾಡಿದುದನ್ನೂ ಹೋಲಿಸಬೇಕು. ಸೀಆನ್ ನಗರದ 781ರ ಪ್ರಸಿದ್ಧ ಶಿಲಾಸ್ತಂಭದಲ್ಲಿ ಚಿಕ್ಕ ಶಿಲುಬೆಯೊಂದು ಮೇಘ ಮತ್ತು ಕಮಲದ ಮೇಲೆ ನಿಂತಿದೆ. ಅದರ ತಲೆಯ ಮೇಲೆ ಚೀನೀ ಶಾಸನಕಲ್ಲುಗಳ ವಾಡಿಕೆಯಂತೆ ನಾಗಾಕಾರದ ಡ್ರಾಗನ್ನುಗಳು ಹೆಣೆದುಕೊಂಡಿವೆ. ಬೈಬಲಿನ ಕೊನೆಯ ಗ್ರಂಥದಲ್ಲಿ ಅಂಥ ಪ್ರಾಣಿಯು ಸೈತಾನನ ರೂಪ. ಆದರೂ ಚಾಂಗಾನಿನ ಕ್ರೈಸ್ತರು ಅದಕ್ಕೆ ಅಂಜಲಿಲ್ಲ. ಚೀನದಲ್ಲಿ ಅದು ರಾಜಗೌರವದ ಗುರುತು, ಭಾರತದಲ್ಲಿ ಮಕರವು ಮಂಗಳದ ಗುರುತು. ಹೋದಲ್ಲಿನ ಗೌರವದ ಭಾಷೆಯಲ್ಲಿ ತಮ್ಮ ಶಿಲುಬೆಯನ್ನು ನಿಲ್ಲಿಸುವುದು ಈ ಸಭೆಯವರ ರೂಢಿಯಾಗಿತ್ತೆಂದು ಹೇಳಲು ಇವೆರಡು ನಿದರ್ಶನಗಳು ಸಾಕು.

ಈ ಸರಳವಾದ ವಿವರಣೆಯನ್ನು ಬಿಟ್ಟು ಮಕರಗಳಲ್ಲಿಯೂ ಶಾಸನದಲ್ಲಿಯೂ ಪಾಷಂಡಮತವನ್ನು ಹುಡುಕಿದ ಪ್ರಯತ್ನವೊಂದುಂಟು. ಅದರ ಮೂಲವೂ ಬರ್ನೆಲ್ಲರೇ. ಮಲೆಯಾಳದ ಹಳೆಯ ಕ್ರೈಸ್ತರು ಪಾರಸೀಕ ಪ್ರವಾದಿ ಮಾನಿಯ ಅನುಯಾಯಿಗಳಾಗಿದ್ದಿರಬಹುದೆಂದು ಅವರು ಶಂಕಿಸಿದರು. ತಾಮ್ರಶಾಸನಗಳಲ್ಲಿ ಬರುವ ಮಣಿಗ್ರಾಮವೆಂಬ ಹೆಸರನ್ನು ಮಾನಿಯ ಗ್ರಾಮವೆಂದು ಬಿಡಿಸಿದರು. ಇಂಡಿಯನ್ ಆಂಟಿಕ್ವರಿಯ ಪುಟಗಳಲ್ಲಿ ಈ ಬಗ್ಗೆ ಆಗಲೇ ವಾದವಿವಾದ ನಡೆಯಿತು. ಮಣಿಗ್ರಾಮವು ನಮ್ಮ ಅಯ್ಯಾವೊಳೆಯ ಐನೂರ್ವರಂತೆ ಒಂದು ವರ್ತಕಸಂಘವೆಂಬುದು ಈಗ ನಿರ್ವಿವಾದ; ಒಂಬತ್ತನೆಯ ಶತಮಾನದಲ್ಲಿ ಅದರ ಸದಸ್ಯರು ಸಯಾಂ ದೇಶದ ತಕುಆಪಾದಲ್ಲಿಯೂ ಇದ್ದರೆಂದು ಅಲ್ಲಿನ ತಮಿಳು ಶಾಸನ ತಿಳಿಸುತ್ತದೆ. ಹೆಸರಿನ ಈ ಆಧಾರವು ಕುಸಿದರೂ ಅದರ ಮೇಲೆ ಕಟ್ಟಿದ ಸಂಶಯ ಮಾತ್ರ ಉಳಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೇರಳದ ಸುರಿಯಾನಿ ಕ್ಯಾಥೊಲಿಕರಲ್ಲಿ ಈ ಶಿಲುಬೆಯನ್ನು ಬಲಿಪೀಠಗಳ ಮೇಲೆ ಮತ್ತೆ ನಿಲ್ಲಿಸುವ ವಿಚಾರ ಬಂದಾಗ ವಿರೋಧಿಸಿದವರು ಅದನ್ನು ಮಾನಿಯ ಶಿಲುಬೆ ಎಂದೇ ಕರೆದರು. ಕ್ರಿಸ್ತನಲ್ಲಿ ಕರುಣೆ ಬೇಡುವ ಒಬ್ಬ ಭಕ್ತನ ಮಾತು ಮಾನಿಯ ಮತಕ್ಕೆ ಸಾಕ್ಷಿಯಾಗಲಾರದೆಂಬುದು ನಮ್ಮ ಅಭಿಪ್ರಾಯ. ಪೂಜೆಯಲ್ಲಿ ಯಾವ ಶಿಲುಬೆಯನ್ನು ಇಟ್ಟುಕೊಳ್ಳಬೇಕೆಂಬುದು ಆ ಸಮಾಜಕ್ಕೆ ಸೇರಿದ ವಿಷಯ. ಆದರೆ ಆ ಚರ್ಚೆಗೆ 1873ರ ಒಂದು ಊಹೆಯನ್ನು ಇತಿಹಾಸವೆಂದು ತರುವುದನ್ನು ಇತಿಹಾಸಾಭ್ಯಾಸಿಗಳಾದ ನಾವು ಸುಮ್ಮನೆ ನೋಡುವಂತಿಲ್ಲ.

ಇನ್ನು ಹಕ್ಕಿಯ ವಿಚಾರ. ಮೈಲಾಪುರವೆಂಬ ಹೆಸರಿನಲ್ಲಿಯೇ ನವಿಲಿದೆ. ಬೇಡನೊಬ್ಬನು ನವಿಲುಗಳಿಗೆ ಬಿಟ್ಟ ಬಾಣ ತಾಗಿ ತೋಮನು ಸತ್ತನೆಂಬ ಕಥೆಯನ್ನು ಮಾರ್ಕೊ ಪೋಲೊ ಹದಿಮೂರನೆಯ ಶತಮಾನದ ಕೊನೆಯಲ್ಲಿ ಕೇಳಿದ್ದನು. ಆದುದರಿಂದ ಶಿಲುಬೆಯ ಮೇಲಿನದು ನವಿಲಾಗಿರಬಾರದೇಕೆ ಎಂಬ ಪ್ರಶ್ನೆ ಏಳಬಹುದು. ರೂಪವು ಅದನ್ನು ಸಮರ್ಥಿಸುವುದಿಲ್ಲ. ನವಿಲಿನ ಗರಿಯನ್ನು ಕೆತ್ತುವ ಅವಕಾಶ ದೊರೆತಾಗ ನಮ್ಮ ಶಿಲ್ಪಿ ಅದನ್ನು ಬಿಡುವವನಲ್ಲ. ಇಲ್ಲಿರುವುದು ತುಂಡುಬಾಲದ, ನೇರವಾಗಿ ಕೆಳಗಿಳಿಯುವ ಪಾರಿವಾಳ. ಯೊರ್ದಾನ್ ನದಿಯಲ್ಲಿ ಯೇಸುವಿಗೆ ದೀಕ್ಷಾಸ್ನಾನವಾದಾಗ ಪವಿತ್ರಾತ್ಮವು ಪಾರಿವಾಳದಂತೆ ಇಳಿಯಿತೆಂದು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಭಾರತೀಯ ಪರಂಪರೆಯಲ್ಲಿ ಈ ಹಕ್ಕಿಗೆ ಇಂಥ ಮಾನವಿಲ್ಲ. ಋಗ್ವೇದದ ಹತ್ತನೆಯ ಮಂಡಲದ 165ನೆಯ ಸೂಕ್ತವು ಮನೆಯೊಳಗೆ ಬಂದ ಕಪೋತವನ್ನು ನಿರ್ಋತಿಯ ದೂತನೆಂದು ಭಾವಿಸಿ ಶಾಂತಿಯನ್ನು ಬೇಡುತ್ತದೆ. ವಾಸ್ತುವಿನಲ್ಲಿ ಕಪೋತವೆಂಬ ಮಾತು ಸೂರಿನ ಅಂಚಿನ ಬಾಗಿದ ಭಾಗಕ್ಕೆ ನಿಂತುಹೋಗಿದೆಯೇ ಹೊರತು ದೇವರ ನೆತ್ತಿಯ ಮೇಲೆ ಆ ಹಕ್ಕಿಯನ್ನು ಕೂರಿಸುವ ಸಂಪ್ರದಾಯವಿಲ್ಲ. ಹೀಗಿರಲು ಈ ಪಾರಿವಾಳವನ್ನು ಶಿಲ್ಪಿ ತಾನಾಗಿ ಕೆತ್ತಿರಲಾರನು. ಕೆತ್ತಿಸಿದವನು ಹೇಳಿ ಮಾಡಿಸಿದುದೇ ಸರಿ. ಅಂದರೆ ಒಂದೇ ಫಲಕದಲ್ಲಿ ಮಕರವು ಶಿಲ್ಪಿಯ ಕೊಡುಗೆ, ಪಾರಿವಾಳವು ಭಕ್ತನ ಬೇಡಿಕೆ.

ಆದರೆ ಕೊಡುಗೆಯನ್ನು ಭಕ್ತನು ಅರ್ಥವಿಲ್ಲದೆ ಸ್ವೀಕರಿಸಿದನೇ? ಮಕರವು ಮೂಲತಃ ಜಲದ ಪ್ರಾಣಿ. ವರುಣನ ವಾಹನ, ಗಂಗೆಯ ವಾಹನ. ನಮ್ಮ ದೇವಾಲಯಗಳಲ್ಲಿ ಅಭಿಷೇಕದ ನೀರು ಹೊರಹರಿಯುವ ಪ್ರಣಾಳಕ್ಕೆ ಮಕರದ ಮುಖವನ್ನೇ ಕೊಡುವುದು ಇದರಿಂದಲೇ. ಮೇಲಿನಿಂದ ಇಳಿಯುವ ಪಾರಿವಾಳ, ಎಡಬಲಗಳಲ್ಲಿ ನೀರಿನ ಮೃಗಗಳು, ನಡುವೆ ಶಿಲುಬೆ: ಯೊರ್ದಾನಿನ ದೃಶ್ಯವನ್ನು ಬಲ್ಲ ಕಣ್ಣಿಗೆ ಇದು ದೀಕ್ಷಾಸ್ನಾನದ ಚಿತ್ರವಾಗಿ ಕಂಡಿರುವುದು ಅಸಂಭವವಲ್ಲ. ಇದಕ್ಕಿಂತ ಬಲವಾದ ಇನ್ನೊಂದು ಸಂಬಂಧವೂ ಇದೆ. ಮೀನಿನ ಹೊಟ್ಟೆಯಲ್ಲಿ ಮೂರು ದಿನವಿದ್ದು ಹೊರಬಂದ ಯೋನನ ಕಥೆಯನ್ನು ಮತ್ತಾಯನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯವು ಕ್ರಿಸ್ತನ ಮರಣ ಪುನರುತ್ಥಾನಗಳಿಗೆ ಸಂಕೇತವಾಗಿ ಹೇಳಿದೆ. ಯೋನನು ಹೋದ ನಿನೆವೆಯು ಮೆಸಪೊಟೇಮಿಯದ ಊರು. ಆದುದರಿಂದ ನಿನೆವೆಯವರ ಪಶ್ಚಾತ್ತಾಪವನ್ನು ಸ್ಮರಿಸುವ ಮೂರು ದಿನಗಳ ಉಪವಾಸವು ಸುರಿಯಾನಿ ಸಭೆಗಳಿಗೆ ವಿಶೇಷವಾಯಿತು. ಕೇರಳದ ಕುರವಿಲಂಗಾಡಿನಲ್ಲಿ ಮೂನ್ನು ನೋಂಬು ಎಂಬ ಹೆಸರಿನಿಂದ ಅದು ಇಂದಿಗೂ ನಡೆಯುತ್ತದೆ. ಹಡಗಿನ ಆಕೃತಿಯೊಂದನ್ನು ಭಕ್ತರು ಹೆಗಲ ಮೇಲೆ ಹೊತ್ತು, ಬಿರುಗಾಳಿಗೆ ಸಿಕ್ಕಿದಂತೆ ತೊನೆದಾಡಿಸುತ್ತ ಇಗರ್ಜಿಯ ಸುತ್ತ ಒಯ್ಯುತ್ತಾರೆ. ವರ್ಷವರ್ಷವೂ ಈ ಕಥೆಯನ್ನು ಕೇಳಿ ಬೆಳೆದ ಜನರು ಗೋಡೆಯ ಮೇಲೆ ಬಾಯ್ದೆರೆದ ಕಡಲಮೃಗವನ್ನು ಕಂಡಾಗ ಯೋನನನ್ನು ನೆನೆಯದಿರುವರೇ? ನಮ್ಮ ಮೂರನೆಯ ಪ್ರಶ್ನೆಗೆ ಇದಕ್ಕಿಂತ ಸಮೀಪದ ಉತ್ತರವನ್ನು ನಾವು ಕಾಣೆವು. ಶಿಲ್ಪಿಯು ಯೋನನನ್ನು ಕೆತ್ತಲಿಲ್ಲ. ನೋಡಿದವರು ಯೋನನನ್ನು ಕಂಡಿರಬಹುದು. ಎರಡೂ ಇತಿಹಾಸವೇ.

ಈ ದೃಷ್ಟಿಯಿಂದ ಇಂದಿನ ಪ್ರತಿಕೃತಿಗಳು ನಮಗೆ ಸ್ವಲ್ಪ ಖೇದವನ್ನುಂಟುಮಾಡುತ್ತವೆ. ಕೇರಳದ ಇಗರ್ಜಿಗಳಲ್ಲಿ, ಪುಸ್ತಕಗಳ ರಕ್ಷಾಪತ್ರದ ಮೇಲೆ, ಸಂಸ್ಥೆಗಳ ಮುದ್ರೆಗಳಲ್ಲಿ ಈ ಶಿಲುಬೆ ಈಗ ಹೇರಳವಾಗಿ ಕಾಣಸಿಗುತ್ತದೆ. ಅದರಲ್ಲಿ ಮೆಟ್ಟಿಲುಗಳಿವೆ, ಕಮಲವಿದೆ, ಪಾರಿವಾಳವಿದೆ. ಕಂಬಗಳೂ ಕಮಾನೂ ಮಕರಗಳೂ ಬಹುಮಟ್ಟಿಗೆ ಕಣ್ಮರೆಯಾಗಿವೆ. ಪ್ರತಿಯೊಂದು ಅಂಗಕ್ಕೂ ಒಂದೊಂದು ತತ್ತ್ವವನ್ನು ಹೊಂದಿಸಿ ಹೇಳುವ ವ್ಯಾಖ್ಯಾನಗಳು ಬೆಳೆದಂತೆ, ವ್ಯಾಖ್ಯಾನಕ್ಕೆ ಸುಲಭವಾಗಿ ಒಗ್ಗದ ಮಕರವು ಹೊರಬಿದ್ದಿತೆಂದು ತೋರುತ್ತದೆ. ಓದಲಾರದ ಅಕ್ಷರಗಳನ್ನೂ ಬಿಡದೆ ಕೆತ್ತಿದ ಹಿಂದಿನವರು ಈ ವಿಷಯದಲ್ಲಿ ಹೆಚ್ಚು ನಿಷ್ಠರಾಗಿದ್ದರು. ಕೋಟ್ಟಯಂನ ಎರಡನೆಯ ಶಿಲುಬೆಯನ್ನು ಮಾಡಿಸಿದವರು ಹಳೆಯ ಪಹ್ಲವಿ ಬರೆಹವನ್ನು ಉಳಿಸಿಕೊಂಡು, ಅದರ ಜೊತೆಗೆ ಶಿಲುಬೆಯ ಹೆಮ್ಮೆಯನ್ನು ಹೇಳುವ ಗಲಾತ್ಯರ ಪತ್ರಿಕೆಯ ಮಾತನ್ನು ಸುರಿಯಾನಿಯಲ್ಲಿ ಕೂಡಿಸಿದರು. ಹೊಸದನ್ನು ಸೇರಿಸಿದರು, ಹಳೆಯದನ್ನು ತೆಗೆಯಲಿಲ್ಲ.

ಕರ್ಣಾಟಕದ ಅಭ್ಯಾಸಿಗಳು ಗಮನಿಸಬೇಕಾದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆರನೆಯ ಶತಮಾನದ ಕಾಸ್ಮಸನು ಹೇಳುವ, ಪರ್ಷಿಯಾದಿಂದ ನೇಮಕವಾದ ಬಿಷಪನಿದ್ದ ಕಲ್ಲಿಯಾನವನ್ನು ಉಡುಪಿಯ ಬಳಿಯ ಕಲ್ಯಾಣಪುರವೆಂದು ಕೆಲವರು ಗುರುತಿಸಿದ್ದುಂಟು. ಮುಂಬಯಿಯ ಬಳಿಯ ಕಲ್ಯಾಣವೆಂಬ ಪಕ್ಷವೇ ನಮಗೆ ಬಲವಾಗಿ ಕಾಣುತ್ತದೆ. ಆದರೆ 2001ರಲ್ಲಿ ಗೋವೆಯ ಆಗಶಿಯಲ್ಲಿ ಪಹ್ಲವಿ ಶಾಸನವುಳ್ಳ ಶಿಲುಬೆಯೊಂದು ದೊರೆತಿದೆ. ಪೋರ್ಚುಗೀಸರು ಅದರ ಮೇಲೆ ತಮ್ಮ ಬರೆಹವನ್ನೂ ಸೇರಿಸಿದ್ದರು. ಆಗಶಿಯು ಜುವಾರಿ ನದಿಯ ದಡದಲ್ಲಿ, ಗೋವೆಯ ಕದಂಬರ ರಾಜಧಾನಿಯಾಗಿದ್ದ ಗೋಪಕಪಟ್ಟಣದ ನೆರೆಯಲ್ಲಿದೆ. ಆ ರೇವಿನ ವರ್ತಕರ ವಿಚಾರವನ್ನು ಕದಂಬರ ಶಾಸನಗಳಿಂದ ಇದುವರೆಗೆ ಅರಬ್ಬರ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಪಾರಸೀಕ ಕ್ರೈಸ್ತರ ದೃಷ್ಟಿಯಿಂದಲೂ ಅವನ್ನು ಮತ್ತೊಮ್ಮೆ ಓದಬೇಕಾದ ಕಾಲವು ಈಗ ಬಂದಿದೆ.